ಎಣ್ಣೆ ಕುಡಿದ ಕಲ್ಲು

ಚುಸ್ತ್,
ಏಪ್ರಿಲ್ 19, 1996, ಶುಕ್ರವಾರ

ನನ್ನ ಕಣ್ಣಿನ ಬೆಳಕು ಇನೊಯತ್,

ನೀನೂ ಅಳಿಯ ಶೋಕಿರನೂ ಪುಟ್ಟ ರಾನೋಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಏನು ಮಾಡಲಿ, ನೀನಂತೂ ಬರೆಯುವವಳಲ್ಲ. ನವರೋಜ್ ಹಬ್ಬಕ್ಕೆ ಮುಂಚೆ ನೆರೆಮನೆಯ ಬುವಿಸಾರಾಳ ಕೈಯಲ್ಲಿ ಬೂದಿಯ ಚೀಲ ಕಳಿಸಿದೆಯಲ್ಲ, ಅದರೊಳಗೊಂದು ಚೀಟಿ: 'ಅಮ್ಮ, ಬಟ್ಟೆ ನೆನೆಸಲು ಹಾಕು, ಬರಿಗೈ ಅದ್ದಬೇಡ, ಸುಡುತ್ತದೆ.' ಅಷ್ಟೇ. ಹೆತ್ತ ತಾಯಿಗೆ ಬರೆಯುವ ಕಾಗದವೇನೇ ಇದು? ಕೆಮ್ಮಿನ ಔಷಧದ ಬಾಟಲಿಯ ಮೇಲೂ ಇದಕ್ಕಿಂತ ಹೆಚ್ಚು ಬರೆದಿರುತ್ತಾರೆ.

ಇಲ್ಲಿ ಹಿಪ್ಪುನೇರಳೆ ಚಿಗುರಿದೆ. ರೇಷ್ಮೆ ಮೊಟ್ಟೆ ಹಂಚಿ ಹೋಗಿದ್ದಾರೆ, ದೊಡ್ಡ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವು ವರಾಂಡದಲ್ಲಿ ಮಲಗುತ್ತಿದ್ದೇವೆ. ಕುರ್ಬಾನಿ ಹಬ್ಬಕ್ಕೆ ಇನ್ನು ಒಂಬತ್ತೇ ದಿನ, ಊರಿನ ಚೂರಿಗಳೆಲ್ಲ ನಮ್ಮ ಅಂಗಳದಲ್ಲಿವೆ. ನಿನ್ನಪ್ಪ ಬೆಳಿಗ್ಗೆ ಮಸೆಯುವ ಮಣೆಗೆ ಕೂತರೆ ಮಧ್ಯಾಹ್ನದ ನಮಾಜಿಗೇ ಏಳುವುದು. ನಾನು ಟೋಪಿಗಳ ಕಸೂತಿಯನ್ನು ಮೂಲೆಗಿಟ್ಟು ಬಂದವರಿಗೆಲ್ಲ ಚಹಾ ಕಾಯಿಸುವ ಕೆಲಸಕ್ಕೆ ಬಿದ್ದಿದ್ದೇನೆ. ಮೊಣಕಾಲು ನೋವು ಇದ್ದಲ್ಲೇ ಇದೆ.

ಸಾಕು, ಈ ಪೀಠಿಕೆ. ನಿನಗೆ ಎರಡು ವಿಷಯ ಹೇಳಬೇಕು. ಒಂದು ಬೆರಗಿನದು, ಇನ್ನೊಂದು ನನ್ನ ಪಾಪದ್ದು. ಬೆರಗನ್ನೇ ಮೊದಲು ಹೇಳುತ್ತೇನೆ, ಅದು ಸುಲಭ.

ದೊಡ್ಡ ಕಲ್ಲು ತೆರೆಯಿತು, ಮಗಳೇ. ನಿನ್ನ ಮುತ್ತಜ್ಜ ಗಾವಾ ಹೊಳೆಯ ಮೇಲಿನಿಂದ ಬೆನ್ನ ಮೇಲೆ ಹೊತ್ತು ತಂದ ಸಾಣೆಕಲ್ಲು, ಹತ್ತು ವರ್ಷ ಕುರುಡಾಗಿ ಬಿದ್ದಿದ್ದ ಅದೇ ಕಲ್ಲು, ಮತ್ತೆ ಎಣ್ಣೆ ಕುಡಿಯುತ್ತಿದೆ. ನಾನು ಕಣ್ಣಾರೆ ಕಂಡೆ. ಯಾರೋ ಹೇಳಿದ್ದಲ್ಲ, ಕನಸಲ್ಲ. ನನ್ನ ಈ ಎರಡು ಕೈಗಳಿಂದಲೇ ಕುಡಿಸಿದೆ.

ಹೇಗೆ ಅಂತೀಯಾ? ನಿನ್ನ ಬೂದಿಯಿಂದ. ನಿಮ್ಮ ರಿಶ್ತಾನದವರು ಮಣ್ಣಿನ ತಟ್ಟೆಗಳಿಗೆ ನೀಲಿ ಹೊಳಪು ಬರಲೆಂದು ಕಾಡುಗಿಡ ಸುಟ್ಟು ಮಾಡುತ್ತೀರಲ್ಲ, ಆ ಬೂದಿ. ನವರೋಜ್ ಕಳೆದ ಮೇಲೆ ಒಂದು ದಿನ ಅದನ್ನು ಬಿಸಿನೀರಿಗೆ ಕಲಸಿ ಅಪ್ಪನ ಕೆಲಸದ ಅಂಗಿಗಳನ್ನು ನೆನೆಸಿದ್ದೆ. ನಮ್ಮ ಕರಿಯುವ ಜಾಲರಿ ಸೌಟು ನಿನಗೆ ನೆನಪಿರಬೇಕು. ಅದರ ಹಿಡಿಯ ಬುಡದಲ್ಲಿ ವರ್ಷಗಟ್ಟಲೆಯ ಎಣ್ಣೆ ಜಿಡ್ಡು ಕಟ್ಟಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಅದನ್ನೂ ಅದೇ ಬಕೆಟ್ಟಿಗೆ ಎಸೆದೆ, ಸುಮ್ಮನೆ. ಮರುದಿನ ತೆಗೆದು ನೋಡುತ್ತೇನೆ, ಜಿಡ್ಡು ಬೆಲ್ಲದ ಪಾಕದ ಹಾಗೆ ಮೆತ್ತಗಾಗಿದೆ! ಹೆಬ್ಬೆರಳಿನಿಂದ ಒತ್ತಿದರೆ ಜಾರಿ ಬಂತು. ಕೆಳಗೆ ಕಬ್ಬಿಣ ಹೊಸದಾಗಿ ನಗುತ್ತಿತ್ತು. ಬರಿಗೈ ಅದ್ದಬೇಡ ಅಂದಿದ್ದೆ ನೀನು, ನಾನು ಅದ್ದಿದೆ, ಸುಟ್ಟಿತು. ಅದರ ಕಡೆ ಗಮನವೇ ಇರಲಿಲ್ಲ ನನಗೆ. ದೊಡ್ಡ ಕಲ್ಲೇ ಕಣ್ಣಮುಂದೆ ಬಂದಿತ್ತು. ಇದೇ ಅಗಸೆ ಎಣ್ಣೆ. ಇದೇ ಜಿಡ್ಡು. ಸೌಟಿನ ಮೇಲಿರುವುದೇ ಕಲ್ಲಿನ ಮೇಲೂ ಇರುವುದು. ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಈಗಲೇ ಕೇಳಬೇಡ, ಹೇಳುತ್ತೇನೆ.

ಅಪ್ಪ ಆ ಕಲ್ಲನ್ನು ರಜಾಯಿಗಳ ಪೆಟ್ಟಿಗೆಯ ತಳದಲ್ಲಿ ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದರು, ಹೆಣಕ್ಕೆ ಸುತ್ತಿದ ಹಾಗೆ. ಹತ್ತು ವರ್ಷದಲ್ಲಿ ಒಮ್ಮೆಯೂ ಬಿಚ್ಚಿ ನೋಡಿದವರಲ್ಲ. ಅವರು ಕಮ್ಮಾರರ ಓಣಿಗೆ ಹೋದ ಹೊತ್ತಿಗೆ ನಾನು ಅದನ್ನು ಎತ್ತಿಕೊಂಡು ತಂದೂರಿನ ಹಿಂದೆ, ಕೋಳಿಗಳ ಹತ್ತಿರ, ಹಳೆಯ ಬೋಗುಣಿಯಲ್ಲಿ ಬೂದಿನೀರಿಗೆ ಇಳಿಸಿದೆ. ಇಳಿಸುವಾಗ ಬಿಸ್ಮಿಲ್ಲಾ ಅಂದೆ, ಆಮೇಲೆ ಅಯ್ಯೋ ಅಂದೆ. ಅಪ್ಪನ ಮಾತು ನಿನಗೆ ಗೊತ್ತೇ ಇದೆ. "ಎಣ್ಣೆ ಕುಡಿದ ಕಲ್ಲಿಗೆ ನೀರು ತೋರಿಸ್ಬೇಡಿ. ತೋರಿಸಿದ್ರೆ ಅದು ಎಣ್ಣೆನೂ ಬಿಡುತ್ತೆ, ನೀರನ್ನೂ ಬಿಡುತ್ತೆ, ನಿಮ್ಮನ್ನೂ ಬಿಡುತ್ತೆ." ಈ ಮನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಳಿದವಳು ನಾನು. ಅದೇ ಕಲ್ಲನ್ನು ಕೋಳಿಗಳ ಪಕ್ಕ ನೀರಲ್ಲಿ ಮುಳುಗಿಸಿ ಕೂತಿದ್ದೆ.

ಐದು ದಿನ. ದಿನಾ ಮಧ್ಯಾಹ್ನ ನೀರು ಬದಲಿಸುತ್ತಿದ್ದೆ, ಪೊರಕೆ ಕಡ್ಡಿಯ ಕುಚ್ಚಿನಿಂದ ಉಜ್ಜುತ್ತಿದ್ದೆ. ಮೊದಲ ದಿನ ನೀರು ಚಹಾದ ಬಣ್ಣಕ್ಕೆ ಬಂತು. ಮೂರನೆಯ ದಿನ ಕಲ್ಲಿನ ಮೈಯಿಂದ ಪೊರೆ ಪೊರೆಯಾಗಿ ಕಂದು ಸಿಪ್ಪೆ ಎದ್ದಿತು. ಐದನೆಯ ದಿನ ನೀರು ತಿಳಿಯಾಗಿಯೇ ಉಳಿಯಿತು. ತೊಳೆದು, ದ್ರಾಕ್ಷಿ ಚಪ್ಪರದ ನೆರಳಲ್ಲಿ ಒಂಬತ್ತು ದಿನ ಒಣಗಿಸಿದೆ, ಬಿಸಿಲು ತಾಗದಂತೆ ಬುಟ್ಟಿ ಮುಚ್ಚಿ. ಆ ಬುಟ್ಟಿಯನ್ನು ನೋಡಿ ಅಪ್ಪ ಕೇಳಿದರು, "ಏನದು ಬುಟ್ಟಿ ಕೆಳಗೆ?" "ಕಾವಿಗೆ ಕೂತ ಕೋಳಿ, ಹತ್ರ ಹೋಗ್ಬೇಡಿ, ಕುಕ್ಕುತ್ತೆ" ಅಂದೆ. ನಂಬಿಬಿಟ್ಟರು. ನನ್ನ ಮಾತನ್ನು ಅವರು ಯಾವತ್ತೂ ನಂಬದೆ ಇದ್ದದ್ದೇ ಇಲ್ಲ, ಇನೊಯತ್.

ಇನ್ನು ಬೆರಗು ಕೇಳು. ಅವರ ಡಬ್ಬಿಯಿಂದ ಒಂದು ಸೌಟು ಎಣ್ಣೆ ಕದ್ದೆ. ಕುದುರೆ ಕೊಬ್ಬು ಕರಗಿಸಿ ಸೀಮೆಎಣ್ಣೆ ಬೆರೆಸಿದ ಅದೇ ನಿನ್ನ ಕಾಲದ ಎಣ್ಣೆ. ಕಲ್ಲಿನ ನಡುವೆ ಒಂದು ತೊಟ್ಟು ಬಿಟ್ಟೆ. ಅದು ಗುಂಡಗೆ ನಿಂತಿತು. ಹೋಯ್ತು, ಎಲ್ಲ ಹಾಳು ಅಂದುಕೊಂಡೆ. ಅಷ್ಟರಲ್ಲಿ ತೊಟ್ಟಿನ ಅಂಚು ಮೆಲ್ಲಗೆ ಹರಡಿತು, ತೆಳ್ಳಗಾಯಿತು, ಇಲ್ಲವಾಯಿತು. ಇನ್ನೊಂದು ಬಿಟ್ಟೆ, ಅದೂ ಇಲ್ಲ. ನಾಲ್ಕನೆಯದಕ್ಕೆ ಕಲ್ಲಿನೊಳಗಿಂದ ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳು ಎದ್ದವು, ಒಂದರ ಹಿಂದೆ ಒಂದು. ಅದು ಉಸಿರು ಬಿಡುತ್ತಿತ್ತು, ಮಗಳೇ! ಹತ್ತು ವರ್ಷ ಒಳಗೆ ಹಿಡಿದಿಟ್ಟುಕೊಂಡ ಉಸಿರು. ನಾನು ನೆಲದ ಮೇಲೆ ಕೂತು, ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವ ಹಾಗೆ ತೊಟ್ಟು ತೊಟ್ಟಾಗಿ ಹಾಕುತ್ತಲೇ ಇದ್ದೆ. ಬೂದು ಬಣ್ಣಕ್ಕೆ ತಿರುಗಿದ್ದ ಮೈ ನಡುವಿನಿಂದ ಅಂಚಿಗೆ ಕಡುಹಸಿರಾಯಿತು. ಅದರಲ್ಲೊಂದು ಬಿಳಿಯ ಗೆರೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು ಅಲ್ಲವೇ? ನೀನು ದಿನಾ ನೋಡಿದವಳು.

ಆಮೇಲೆ ಇನ್ನೊಂದು ಹುಚ್ಚು ಮಾಡಿದೆ. ಕಸೂತಿಯ ಸೂಜಿ ಕುಪ್ಪಸದಲ್ಲೇ ಚುಚ್ಚಿತ್ತು, ಅದನ್ನು ತೆಗೆದು ಆ ಕಲ್ಲಿನ ಮೇಲೆ ಹತ್ತು ಸಲ ತಿರುಗಿಸಿ ಎಳೆದೆ. ಎಳೆದದ್ದು ಬೆರಳಿಗೆ ತಿಳಿಯಲೇ ಇಲ್ಲ, ಅಷ್ಟು ನುಣುಪು. ಹೊಲಿಯಲು ಕೂತರೆ ಸೂಜಿ ಬಟ್ಟೆಯೊಳಗೆ ಹೋದ ಸದ್ದೇ ಇಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಸೂಜಿ ಹಿಡಿದಿದ್ದೇನೆ, ಪ್ರತಿ ಹೊಲಿಗೆಗೂ 'ಟಪ್' ಅನ್ನುವ ಸಣ್ಣ ಸದ್ದು ಇರಲೇಬೇಕು ಎಂದುಕೊಂಡಿದ್ದೆ. ಇರಬೇಕಾಗಿಲ್ಲ. ನನ್ನ ಮನೆಯ ಮೂಲೆಯಲ್ಲೇ ಇಂಥದ್ದೊಂದು ಇತ್ತು, ನಾನು ಅದರ ಪಕ್ಕದಲ್ಲಿ ಹಿಟ್ಟು ಕಲಸುತ್ತ ಮುದುಕಿಯಾದೆ. ಅಲ್ಲಾಹ್ ಎಂಥೆಂಥದನ್ನು ಕಲ್ಲಿನೊಳಗೆ ಇಟ್ಟಿದ್ದಾನೆ!

ಆ ದಿನ ನೀನು ತುಂಬ ನೆನಪಾದೆ. ಏಳೆಂಟು ವರ್ಷದವಳಿದ್ದಾಗಿನಿಂದ ಬೆಳಿಗ್ಗೆ ಎದ್ದವಳೇ ನಿನ್ನ ಮುಖ ತೊಳೆಯುವ ಮುಂಚೆ ಕಲ್ಲುಗಳ ಮುಖ ಒರೆಸುತ್ತಿದ್ದೆ. ಹಿಂದಿನ ದಿನದ ಬೂದು ಕೆಸರನ್ನು ಹತ್ತಿಬಟ್ಟೆಯಲ್ಲಿ ತೆಗೆದು, ಮೂರು ತೊಟ್ಟು, ಹೆಬ್ಬೆರಳಿನಿಂದ ಸವರಿ, ಮುಚ್ಚಳ. ಏಳು ಕಲ್ಲಿಗೂ ಹಾಗೆಯೇ. ಕಿರಿಯ ಕಲ್ಲಿಗೆ ಎರಡೇ ತೊಟ್ಟು, ಅದಕ್ಕೆ ಹಸಿವು ಕಡಿಮೆ ಎನ್ನುತ್ತಿದ್ದೆ. ನಾನು ನಿನ್ನ ಹಿಂದೆ ನಿಂತು ಅಣಕಿಸುತ್ತಿದ್ದೆ, "ಕಲ್ಲಿಗೆ ಎಣ್ಣೆ ಹಚ್ಚೋದು ಬಿಟ್ಟು ನಿನ್ನ ತಲೆಗೆ ಹಚ್ಕೊಳೇ, ಗುಬ್ಬಿ ಗೂಡಾಗಿದೆ" ಎಂದು. ಗಂಡುಮಕ್ಕಳಿಲ್ಲದ ಉಸ್ತಾದರು ಮಗಳಿಗೆ ಕೆಲಸ ಕಲಿಸುತ್ತಿದ್ದಾರೆ ಎಂದು ಬಜಾರ್ ನಗುತ್ತಿತ್ತು. ಅಪ್ಪ ಬಜಾರಿನ ಕಡೆ ತಿರುಗಿಯೂ ನೋಡಲಿಲ್ಲ. ನಿನ್ನನ್ನು ಆ ದೊಡ್ಡ ಕಲ್ಲಿನ ಮುಂದೆ ಕೂರಿಸಿದ ದಿನ ಅವರ ಮುಖ ಹೇಗಿತ್ತು ಎನ್ನುವುದನ್ನು ನಾನು ನಿನಗೆ ಯಾವತ್ತೂ ಹೇಳಿಲ್ಲ. ಮದುವೆಯ ದಿನವೂ ಅವರನ್ನು ಅಷ್ಟು ಚೆಂದ ನೋಡಿರಲಿಲ್ಲ ನಾನು.

ಈ ಸೋಮವಾರ ಕಲ್ಲನ್ನು ತೆಗೆದುಕೊಂಡು ಹೋಗಿ ಅವರ ಮಣೆಯ ಮೇಲೆ ಇಟ್ಟೆ. ಅವರು ಒಳಗೆ ಬಂದರು, ಬಿಚ್ಚಿದ ಬಿಳಿ ಬಟ್ಟೆ ನೋಡಿದರು, ಮುಖ ಕಪ್ಪಿಟ್ಟಿತು.

"ಯಾರು ತೆಗಿ ಅಂದ್ರು ನಿಂಗೆ? ಸತ್ತೋರನ್ನ ಎಬ್ಬಿಸ್ತಾರೇನೇ?" ಎಂದು ಗದರಿದರು.

"ಪೆಟ್ಟಿಗೆ ಧೂಳು ಹೊಡೀತಿದ್ದೆ. ಒಂದ್ಸಲ ಮುಟ್ಟಿ ನೋಡಿ" ಅಂದೆ.

ಬಯ್ಯುತ್ತಲೇ ಹೆಬ್ಬೆರಳಿನ ಉಗುರನ್ನು ಕಲ್ಲಿನ ಮೇಲೆ ಎಳೆದರು. ಬೈಗುಳ ಅರ್ಧಕ್ಕೇ ನಿಂತಿತು. ಉಗುರು ಜಾರಲಿಲ್ಲ, ಕಲ್ಲು ಹಿಡಿಯಿತು. ಮತ್ತೆ ಎಳೆದರು. ಒಂದು ತೊಟ್ಟು ಎಣ್ಣೆ ಬಿಟ್ಟರು, ಅದು ಇಳಿಯುವವರೆಗೆ ಬಾಗಿ ನೋಡಿದರು, ಮೂಗು ತಾಗುವಷ್ಟು ಹತ್ತಿರದಿಂದ. ಟೋಪಿ ತೆಗೆದು ಪಕ್ಕಕ್ಕಿಟ್ಟರು. ಕ್ಷೌರಿಕ ಮಮಾಸೋಲಿಯ ಕತ್ತಿ ಮಸೆಯಲು ಬಂದದ್ದು ಅಲ್ಲೇ ಇತ್ತು. ಅದನ್ನು ಎತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ಇಪ್ಪತ್ತು ಸಲ ಎಳೆದರು. ಇನೊಯತ್, ಆ ಸದ್ದು! ಬೇರೆ ಕಲ್ಲುಗಳು ಗರಗರ ಅನ್ನುತ್ತವೆ, ಇದು ಪಿಸುಗುಟ್ಟುತ್ತದೆ. ತೋಳಿನ ಮೇಲೆ ಕತ್ತಿ ಹಿಡಿದರು, ಚರ್ಮಕ್ಕೆ ತಾಗಿಸಲೇ ಇಲ್ಲ, ನೆರೆತ ಕೂದಲು ತಾವಾಗಿ ಉದುರಿದವು. ಅರವತ್ತೈದು ವರ್ಷದ ಗಂಡಸು ಮಣೆಯ ಮುಂದೆ ಮೊಣಕಾಲೂರಿ ಗಳಗಳ ಅತ್ತರು. ನನ್ನ ಕಣ್ಣೂ ನಿಲ್ಲಲಿಲ್ಲ.

"ನಮ್ ತಾತ ತೆರೆಸಿದ್ದು ಇದನ್ನ. ಅವನ ದುವಾ. ಹತ್ತು ವರ್ಷ ಬೇಡ್ಕೊಂಡಿದ್ದೀನಿ ಕಣೇ, ನಿಂಗೆ ಗೊತ್ತಿಲ್ಲ" ಅಂದರು.

ತಾತನ ದುವಾ ಅಲ್ಲರೀ, ನಿಮ್ಮ ಮಗಳು ಕಳಿಸಿದ ಬೂದಿ ಅನ್ನಬೇಕಿತ್ತು. ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಬೂದಿಗೆ ಬಿಡುವ ಜಿಡ್ಡು ಅದು ಅಂತ ನಿಂಗೆ ಹೆಂಗೆ ಗೊತ್ತಾಯ್ತು? ಚಹಾ ತರುತ್ತೇನೆ ಎಂದು ಎದ್ದುಹೋದೆ.

ಮಧ್ಯಾಹ್ನಕ್ಕೆ ಮಮಾಸೋಲಿ ತನ್ನ ಕತ್ತಿಗೆಂದು ಬಂದ. ಕ್ಷೌರಿಕನಿಗೆ ತಿಳಿದರೆ ಮಸೀದಿಯಲ್ಲಿ ಸಾರುವ ಅಗತ್ಯವಿಲ್ಲ. ಬುಧವಾರ ನಮ್ಮ ಅಂಗಳದಲ್ಲಿ ಹದಿನೇಳು ಮುದುಕರು, ಎಣಿಸಿದ್ದೇನೆ, ಚಹಾ ಬಟ್ಟಲು ಸಾಲದೆ ಬುವಿಸಾರಾಳ ಮನೆಯಿಂದ ತಂದೆ. ಅಪ್ಪ ಒಬ್ಬೊಬ್ಬರನ್ನೇ ಒಳಗೆ ಕರೆದು ಒಂದೊಂದು ತೊಟ್ಟು ಬಿಟ್ಟು ತೋರಿಸುತ್ತಿದ್ದರು. ಹಲ್ಲಿಲ್ಲದ ಬಾಯಿಗಳೆಲ್ಲ "ಸುಭಾನಲ್ಲಾ, ಸುಭಾನಲ್ಲಾ". ಚೂರಿಯ ಹಿಡಿ ಮಾಡುವ ರುಸ್ತಂಕುಲ್ ಮಾತ್ರ ಕಲ್ಲನ್ನು ಮೂಸಿ ನೋಡಿ, "ಉಸ್ತಾ, ನಿನ್ನ ತಾತ ಸ್ವರ್ಗದಲ್ಲಿ ಸೋಪು ಹಾಕಿ ತೊಳೆದನೋ ಹೆಂಗೆ? ಬಟ್ಟೆ ಒಗೆದ ವಾಸ್ನೆ ಬರ್ತಿದೆಯಲ್ಲೋ" ಅಂದ. ಎಲ್ಲರೂ ನಕ್ಕರು. ನಾನು ಮೆಲ್ಲಗೆ ನನ್ನ ಕೈ ಮೂಸಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಪಾಡು.

ಅಷ್ಟಕ್ಕೇ ನಿಂತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ಇದ್ದದ್ದನ್ನು ಹೇಳುತ್ತಿದ್ದೇನೆ, ಬರೆಯುತ್ತಿರಲಿಲ್ಲ. ಆದರೆ ಮಮಾಸೋಲಿ ಗಡ್ಡ ನೀವಿಕೊಂಡು ದೊಡ್ಡ ವಿದ್ವಾಂಸನ ಹಾಗೆ ಹೇಳಿದ, "ನಂಗೆ ಹೊಳೆಯೋದು ಕೇಳಿ. ಈ ಕಲ್ಲನ್ನ ಕುರುಡು ಮಾಡಿದ ಹುಡುಗಿ, ದೂರದಲ್ಲಿ ಕೂತು, ಕೊನೆಗೂ ತೌಬಾ ಮಾಡಿರ್ಬೇಕು. ಅವಳು ಒಳಗೊಳಗೇ ತಪ್ಪು ಒಪ್ಕೊಂಡ ದಿನವೇ ಕಲ್ಲು ತೆರೆದಿರ್ಬೇಕು."

ಅಪ್ಪ ಕಲ್ಲನ್ನೇ ನೋಡುತ್ತ, "ಇರಬಹುದು" ಎಂದು ತಲೆಯಾಡಿಸಿದರು.

ನಾನು ಬಾಗಿಲಲ್ಲೇ ನಿಂತಿದ್ದೆ, ಇನೊಯತ್. ಕೈಯಲ್ಲಿ ಹದಿನೇಳು ಬಟ್ಟಲು.

ಈಗ ಪಾಪದ ಮಾತು.

ಹತ್ತು ವರ್ಷದ ಹಿಂದಿನ ಚಳಿಗಾಲ. ನಿನ್ನ ಅಜ್ಜಿ ಉಲ್ಮಾಸ್ ತೀರಿಕೊಂಡು ಕೆಲವೇ ವಾರಗಳಾಗಿದ್ದವು, ಅಪ್ಪ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ಆರು ವಾರ ಮಲಗಿದ್ದರು. ಅಂಗಳದಂಚಿನ ಅಂಗಡಿಯ ಬೀಗದ ಕೈ ನಿನ್ನ ಕೈಗೆ ಬಂತು. ಗುರುವಾರ ಬಂದರೆ ನಾನು ಎಲ್ಲರಂತೆ ಬಾಣಲೆಗೆ ಎಣ್ಣೆ ಹಾಕಿ ರೊಟ್ಟಿ ಕರಿದು ವಾಸನೆ ಎಬ್ಬಿಸುತ್ತಿದ್ದೆ, ಹೋದವರ ಆತ್ಮ ವಾಸನೆ ಹಿಡಿದು ಮನೆಗೆ ಬರಲಿ ಎಂದು. ಆದರೆ ಒಂದು ಯೋಚನೆ ಕೊರೆಯುತ್ತಿತ್ತು. ಅತ್ತೆ ಬದುಕಿದ್ದಾಗಲೇ ನನ್ನ ಅಡುಗೆಮನೆಗೆ ಕಾಲಿಟ್ಟವರಲ್ಲ, ಸತ್ತ ಮೇಲೆ ಬರುತ್ತಾರೆಯೇ? ಅವರು ಇಡೀ ದಿನ ಕೂರುತ್ತಿದ್ದದ್ದು ಅಂಗಡಿಯಲ್ಲಿ, ದೊಡ್ಡ ಕಲ್ಲಿನ ಪಕ್ಕ. ಬಂದರೆ ಅಲ್ಲಿಗೇ ಬರಬೇಕು, ಅಲ್ಲಿ ವಾಸನೆ ಇಲ್ಲದಿದ್ದರೆ ಹಸಿದೇ ಹಿಂತಿರುಗಬೇಕು. ಹಾಗಾಗಿ ನೀನು ಆಸ್ಪತ್ರೆಗೆ ಊಟ ಒಯ್ದ ಹೊತ್ತಿನಲ್ಲಿ, ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡು, ಕರಿದ ಅಗಸೆ ಎಣ್ಣೆಯನ್ನು ಬಿಸಿ ಇರುವಾಗಲೇ ಒಯ್ದು ಕಲ್ಲಿನ ಮೇಲೆ ಸುರಿದೆ. ದುವಾ ಓದಿದೆ. ಮಿಕ್ಕದ್ದನ್ನು ಒರೆಸಿ ಬಂದೆ. ಎಣ್ಣೆ ಎಂದರೆ ಎಣ್ಣೆ, ಕಲ್ಲಿಗೆ ಎಣ್ಣೆ ಬೇಕು, ಅದಕ್ಕಿಂತ ಪವಿತ್ರವಾದದ್ದು ಇನ್ಯಾವುದು ಎಂದುಕೊಂಡೆ. ಆರು ಗುರುವಾರ, ಮಗಳೇ. ಅಂಗಡಿಯ ಚಳಿ ಕಾಯಿಸುವ ಒಲೆಯ ಕಾವಿಗೆ ಅದು ಪದರ ಪದರವಾಗಿ ಒಣಗಿ ಗಟ್ಟಿಯಾಯಿತು.

ನಾಲ್ಕನೆಯ ವಾರ ನೀನು ನನ್ನ ಹತ್ತಿರವೇ ಬಂದು ಹೇಳಿದೆ, "ಅಮ್ಮ, ದೊಡ್ಡ ಕಲ್ಲು ಯಾಕೋ ಎಣ್ಣೆ ಕುಡೀತಿಲ್ಲ, ಹೆದರಿಕೆ ಆಗ್ತಿದೆ." ನಾನು ಏನಂದೆ ಗೊತ್ತೇ? ನಿನಗೆ ಗೊತ್ತು, ನೀನು ಮರೆಯುವವಳಲ್ಲ. "ಚಳಿಗೆ ಮನುಷ್ಯರೇ ಕುಡಿಯಲ್ಲ, ಕಲ್ಲೇನು ಕುಡಿಯುತ್ತೆ, ಹೋಗು" ಅಂದೆ. ಮುಂದಿನ ಗುರುವಾರ ಮತ್ತೆ ಸುರಿದೆ. ಆಗಲೂ ನನಗೆ ಹೊಳೆದಿರಲಿಲ್ಲ, ಅಲ್ಲಾಹ್ ಸಾಕ್ಷಿ.

ಹೊಳೆದದ್ದು ಅಪ್ಪ ಮನೆಗೆ ಬಂದು ಕಲ್ಲನ್ನು ಮೂಸಿ "ಅಗಸೆ" ಅಂದಾಗ. ಯಾರು ಎಂದು ಕೇಳಿದರು. ನೀನು "ನಾನಲ್ಲಪ್ಪ" ಅಂದೆ. "ಬೀಗದ ಕೈ ನಿನ್ನ ಹತ್ರ ಬಿಟ್ಟು ಇನ್ಯಾರ ಹತ್ರ ಇತ್ತು?" ಅಂದರು. ನೀನು ನನ್ನ ಕಡೆ ನೋಡಿದೆ. ಸುಮ್ಮನೆ, ಸಹಾಯಕ್ಕೆಂದು ನೋಡಿದೆ, ನನ್ನ ಮೇಲೆ ನಿನಗೆ ಅನುಮಾನವೇ ಇರಲಿಲ್ಲ. ನಾನು ಹಿಟ್ಟು ಲಟ್ಟಿಸುತ್ತಿದ್ದೆ. ಲಟ್ಟಿಸುತ್ತಲೇ ಇದ್ದೆ. "ಕಲ್ಲು ಹೋದ್ರೆ ಹೋಯ್ತು ಅಂತ ಬಿಡ್ತಿದ್ದೆ. ಸುಳ್ಳು ಹೇಳೋ ಕೈ ಈ ಮಣೆ ಮುಟ್ಟಬಾರದು" ಎಂದು ಅವರು ಬೀಗದ ಕೈ ಇಸಿದುಕೊಂಡರು. ಅಂದಿನಿಂದ ಇಂದಿನವರೆಗೆ ತಂದೆ ಮಗಳ ನಡುವೆ "ಚೆನ್ನಾಗಿದ್ದೀಯಾ", "ಚೆನ್ನಾಗಿದ್ದೀನಿ", ಅಷ್ಟೇ.

ಹೆದರಿದೆ, ಅದು ನಿಜ. ಆದರೆ ಹೆದರಿಕೆ ಒಂದು ವಾರದ್ದು. ಉಳಿದದ್ದಕ್ಕೆ ಬೇರೆ ಹೆಸರಿದೆ, ಅದನ್ನೂ ಬರೆದುಬಿಡುತ್ತೇನೆ. ನಿನಗೆ ಹದಿನೇಳಾಗಿತ್ತು, ಒಂದು ಸಂಬಂಧವೂ ಬರುತ್ತಿರಲಿಲ್ಲ. ಮದುವೆಮನೆಗಳಲ್ಲಿ ಹೆಂಗಸರು ನನ್ನ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು, "ಚೂರಿ ಮಸೆಯೋಳಿಗೆ ಅತ್ತೆ ಆಗೋ ಧೈರ್ಯ ಯಾರಿಗಿದೆಯಮ್ಮ?" ನೀನು ಅಂಗಡಿಯಿಂದ ಹೊರಗೆ ಬಿದ್ದ ಮೂರೇ ತಿಂಗಳಿಗೆ ರಿಶ್ತಾನದಿಂದ ಕೇಳಿಕೊಂಡು ಬಂದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಅಂದುಕೊಂಡೆ ಕಣೇ. ಅಳಿಯ ಚಿನ್ನದಂಥವನು, ಮೊಮ್ಮಗಳು ಬಂದಳು, ಸುಳ್ಳಿಗೆ ಹೂ ಬಿಟ್ಟು ಕಾಯಾಯಿತು ಅಂತ ಸಮಾಧಾನ ಹೇಳಿಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಮೌನವನ್ನು ನಿನ್ನ ಕೊರಳಿಗೆ ಕಟ್ಟಿ ಕಳಿಸಿದೆ.

ನಿನ್ನೆ ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಒಂದು ಮಾತು ಮಾತ್ರ ನಂಬು. ಆ ಕಲ್ಲಿಗೆ ಹದಿನೈದು ದಿನ ಚಾಕರಿ ಮಾಡಿದ ಮೇಲೆ, ಒಂದು ವಸ್ತುವನ್ನು ದಿನಾ ಒರೆಸಿ, ದಿನಾ ಎಣ್ಣೆ ಕೊಟ್ಟು, ದಿನಾ ಮುಚ್ಚಿಡುವುದು ಎಂದರೇನು ಎಂದು ನನಗೆ ತಿಳಿಯಿತು. ಅದನ್ನು ನೀನು ಒಂಬತ್ತು ವರ್ಷ ಮಾಡಿದ್ದೆ, ಒಂದು ದಿನವೂ ತಪ್ಪಿಸದೆ. ಜ್ವರದಲ್ಲೂ ಎದ್ದು ಹೋಗುತ್ತಿದ್ದೆ. ಅಂಥವಳು ಕಲ್ಲಿಗೆ ಅಡುಗೆ ಎಣ್ಣೆ ಹಾಕುತ್ತಾಳೆಯೇ? ಅಪ್ಪನಾದರೂ ಯೋಚಿಸಬಾರದಿತ್ತೇ? ನೋಡು, ಮತ್ತೆ ತಪ್ಪನ್ನು ಅವರ ಮೇಲೆ ಹಾಕಲು ಹೊರಟೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಹಬ್ಬಕ್ಕೆ ಬರುವುದಾದರೆ ಬಾ. ಬಾರದಿದ್ದರೆ ನಾನು ಕೇಳುವುದಿಲ್ಲ. ರಾನೋಳಿಗೆ ಮುತ್ತು, ಅಳಿಯನಿಗೆ ಸಲಾಂ. ಅವನ ಬೂದಿಗೆ ಸಾವಿರ ಸಲಾಂ.

ನಿನ್ನನ್ನು ಹೆತ್ತವಳು, ನಿನ್ನ ಹೆಸರು ಕೆಡಿಸಿದವಳೂ ಆದ
ಮುಕರ್ರಮ್

ತಾಜಾ ಕಲಮು: ಮೇಲೆ 'ಅಪ್ಪನಿಗೆ ಎಲ್ಲವನ್ನೂ ಹೇಳಿದೆ' ಎಂದು ಬರೆದದ್ದು ಸುಳ್ಳು. ಹೇಳಿರಲಿಲ್ಲ. ಬರೆದುಬಿಟ್ಟರೆ ಹೇಳಿದಂತೆಯೇ ಎಂದುಕೊಂಡು ಬರೆದೆ. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ, ನಿನ್ನಮ್ಮ ಎಂಥವಳು ಎಂದು ನಿನಗೆ ತಿಳಿದಿರಲಿ.

ಕಾಗದ ಮಡಿಸಿಕೊಂಡು ವಿಳಾಸ ಬರೆಯಲು ಅಂಗಡಿಯ ಪೆನ್ಸಿಲ್ ಕೇಳಲು ಹೋದೆ. "ಯಾರಿಗೆ ಕಾಗದ?" ಎಂದರು. ಇನೊಯತ್‌ಗೆ ಅಂದೆ. ಚೂರಿ ಎಳೆಯುತ್ತಿದ್ದ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದರು, "ಕಲ್ಲು ತೆರೀತು ಅಂತ ಬರಿ. ಅಪ್ಪ ನಿನ್ನ ಕ್ಷಮಿಸಿದ್ದಾರೆ ಅಂತಾನೂ ಬರಿ."

ಅಷ್ಟು ಮೃದುವಾಗಿ ಹೇಳಿದರು, ಇನೊಯತ್. ನಿನ್ನನ್ನು ಕ್ಷಮಿಸಿದ್ದಾರಂತೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ಹೊಸ್ತಿಲ ಮೇಲೆ ಕೂತು, ಕಾಗದ ಬಿಡಿಸಿ, 'ನನ್ನ ಕಣ್ಣಿನ ಬೆಳಕು' ಎಂಬಲ್ಲಿಂದ ಗಟ್ಟಿಯಾಗಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಗುರುವಾರದ ಎಣ್ಣೆಯ ಹತ್ತಿರ ಬಂದಾಗ ಚೂರಿಯ ಪಿಸುಗುಟ್ಟುವಿಕೆ ನಿಂತಿತು. 'ನಿನ್ನೆ ಸಂಜೆ ಹೇಳಿದೆ' ಎಂದು ಓದಿದಾಗ, "ನನಗೆ ಹೇಳಿಲ್ಲವಲ್ಲೇ" ಅಂದರು. "ಈಗ ಹೇಳ್ತಾ ಇದೀನಿ" ಅಂದೆ.

ನಾನು ಹೊಡೆತಕ್ಕೆ ಸಿದ್ಧಳಾಗಿದ್ದೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ಕಲ್ಲಿನ ಮೇಲಿನ ಕೆಸರು ಒರೆಸಿದರು, ಮೂರು ತೊಟ್ಟು ಹಾಕಿದರು, ಸವರಿದರು, ಮುಚ್ಚಳ ಮುಚ್ಚಿದರು. ಅಂಥ ಹೊತ್ತಿನಲ್ಲೂ ಅದನ್ನು ಮರೆಯಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಕೇಳಿದರು, "ರಿಶ್ತಾನಕ್ಕೆ ಬಸ್ ಎಷ್ಟೊತ್ತಿಗೆ?"

"ಹಬ್ಬದ ಚೂರಿ ನಲವತ್ತು ಬಾಕಿ ಇದೆ, ಜನ ನಿಮ್ಮನ್ನ ಸುಮ್ನೆ ಬಿಡ್ತಾರಾ?" ಅಂದೆ. "ಜನ ಹಲ್ಲಲ್ಲಿ ಕಡೀಲಿ" ಅಂದರು. ಕಲ್ಲನ್ನೂ ಬಟ್ಟೆಯಲ್ಲಿ ಕಟ್ಟಿ ತರಲು ಹೊರಟಿದ್ದರು, ನಾನು ಬಿಡಲಿಲ್ಲ. ಅದನ್ನು ನಿನ್ನ ಮುಂದೆ ಇಟ್ಟು ತಾವು ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಾರೆ ಎಂದು ನನಗೆ ಗೊತ್ತು. ಹೋಗುವುದಾದರೆ ಬರಿಗೈಯಲ್ಲಿ ಹೋಗಿ ಅಂದೆ.

ಆಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿ, ಮೊದಲ ಸಲ ನನ್ನ ಮುಖ ನೋಡಿ ಕೇಳಿದರು, "ಅವಳ ಮುಂದೆ ನಿಂತಾಗ ನಂಗೆ ಮಾತು ಬರ್ದೆ ಹೋದ್ರೆ?"

"ಬರೋ ತನಕ ನಿಂತ್ಕೊಳ್ಳಿ" ಅಂದೆ.

ಈ ಕಾಗದ ನಿನ್ನ ಕೈಗೆ ಕೊಟ್ಟವರು ಈಗ ನಿನ್ನ ಗೇಟಿನ ಹತ್ತಿರ ನಿಂತಿದ್ದಾರೆ, ಇನೊಯತ್. ಚಹಾ ಕೊಡು, ಬಿಸಿಲಲ್ಲಿ ನಿಲ್ಲಿಸಬೇಡ. ಆದರೆ ಅವರು ಬಾಯಿ ಬಿಡುವ ಮುಂಚೆ 'ಹೋಗಲಿ ಬಿಡಪ್ಪ' ಅಂದುಬಿಡಬೇಡ. ನನಗೂ ಅನ್ನಬೇಡ.